ಗೋಲಿನೆದುರು ತಿರುಗಿ ನೋಡಿದ ಹುಡುಗ

ಇಂಗ್ಲೆಂಡಿನಲ್ಲೊಂದು ಸಣ್ಣ ಊರು, ಆ ಊರಲ್ಲೊಬ್ಬ ಫುಟ್‌ಬಾಲ್ ಕೋಚ್. ಭಾನುವಾರ ಬಂತೆಂದರೆ ಊರಿನ ಮಕ್ಕಳಿಗೆಲ್ಲ ಆಟ ಕಲಿಸುತ್ತಿದ್ದ. ಒಳ್ಳೆಯವನು, ತಾಯಂದಿರೇ. ಮಳೆ ಬಂದರೆ ತನ್ನ ಕೋಟು ಬಿಚ್ಚಿ ಮಕ್ಕಳಿಗೆ ಹೊದಿಸುವಷ್ಟು ಒಳ್ಳೆಯವನು. ದೋಷ ಒಂದೇ, ಬಾಯಿ! ಆಟ ಶುರುವಾದರೆ ಸಾಕು, ಗೆರೆಯಾಚೆ ನಿಂತು ಕೂಗುತ್ತಿದ್ದ. "ಒದಿ! ದೂರ ಒದಿ! ಎಡಕ್ಕೆ! ಅಯ್ಯೋ, ಎಡಕ್ಕೆ ಅಂದ್ನಲ್ಲೋ!" ಕಾಲು ಮಕ್ಕಳದು, ಆಟ ಇವನದು.

ತಂಡದಲ್ಲೊಬ್ಬ ಪುಟ್ಟ ಹುಡುಗನಿದ್ದ. ಅವನ ಕಾಲಿಗೆ ಚೆಂಡು ಸಿಕ್ಕಿದರೆ, ನೋಡಿ, ಬೆಕ್ಕಿನ ಮರಿಗೆ ದಾರದುಂಡೆ ಸಿಕ್ಕಿದ ಹಾಗೆ. ಎದುರು ಬಂದವರನ್ನೆಲ್ಲ ಸುತ್ತಿಸಿ ಸುಸ್ತುಮಾಡುತ್ತಿದ್ದ. ಕೋಚ್‌ಗೆ ಒಂದೇ ಭಯ. "ಚೆಂಡು ಕಳ್ಕೊಂಡ್ರೆ ಗತಿ ಏನೋ? ಶೋಕಿ ಬೇಡ, ದೂರ ಒದ್ಬಿಡು!" ಹುಡುಗ ವಿಧೇಯ, ಶೋಕಿ ಬಿಟ್ಟ. ಚೆಂಡು ಬಂದೊಡನೆ ಕೋಚ್ ಮುಖ ನೋಡುವುದು, ಹೇಳಿದ ಕಡೆ ಒದೆಯುವುದು. ಎಷ್ಟು ಚೆನ್ನಾಗಿ ಕಲಿತ, ಅಲ್ಲವೇ?

ಫೈನಲ್ ಪಂದ್ಯ ಬಂತು. ಆ ಊರು ಎಂದೂ ಕಾಣದ ಕಪ್. ಅದನ್ನು ಎತ್ತೆತ್ತಿ ಹಿಡಿದು ಕೋಚ್ ಕನಸಿನಲ್ಲೇ ತೋಳು ನೋಯಿಸಿಕೊಂಡಿದ್ದ. ಆವತ್ತೇ ರೆಫರಿ ಹೊಸ ನಿಯಮ ಸಾರಿದ: ಹೊರಗೆ ನಿಂತ ದೊಡ್ಡವರು ಯಾರೂ ಬಾಯಿ ಬಿಡಕೂಡದು, ಬಿಟ್ಟರೆ ಅವರ ತಂಡ ಸೋತಂತೆ. ಪಾಪ, ಕೋಚ್! ಪೆಪ್ಪರಮೆಂಟು ಚೀಪಿದ, ಮಫ್ಲರ್ ಕಚ್ಚಿದ. ನಮ್ಮ ಏಕಾದಶಿ ಉಪವಾಸಕ್ಕಾದರೂ ನಡುವೆ ಅವಲಕ್ಕಿ ಉಂಟು, ಅವನ ಮೌನವ್ರತಕ್ಕೆ ಏನಿತ್ತು?

ಎರಡೂ ತಂಡ ಸಮಸಮ. ಆಟ ಇನ್ನೇನು ಮುಗಿಯಬೇಕು, ಪುಟ್ಟ ಹುಡುಗನಿಗೆ ಚೆಂಡು ಸಿಕ್ಕಿತು. ಎದುರು ತಂಡದ ಗೋಲ್‌ಕೀಪರ್ ಕೆಸರಲ್ಲಿ ಜಾರಿ ಬಿದ್ದಿದ್ದಾನೆ. ಗೋಲು ಖಾಲಿ. ಮೆಲ್ಲಗೆ ತಟ್ಟಿದರೂ ಸಾಕು. ಹುಡುಗ ಏನು ಮಾಡಿದ? ನಿಂತ. ತಿರುಗಿದ. ಕೋಚ್ ಮುಖ ನೋಡಿದ.

ಕೋಚ್ ಕಣ್ಣರಳಿಸಿದ, ಹುಬ್ಬು ಹಾರಿಸಿದ. ಹುಡುಗ ಕಾದ. ಎದುರಾಳಿಗಳು ಕಾಯುತ್ತಾರೆಯೇ? ಚೆಂಡು ಕಿತ್ತುಕೊಂಡು ಓಡಿದರು, ಆ ತುದಿಯಲ್ಲಿ ಗೋಲು ಹೊಡೆದರು. ಕಪ್ ಹೋಯಿತು.

"ಎದುರಿಗೆ ಖಾಲಿ ಇತ್ತಲ್ಲೋ ಮಾರಾಯ! ಯಾಕೋ ಒದೀಲಿಲ್ಲ?"

"ನೀವು ಹೇಳ್ಲೇ ಇಲ್ವಲ್ಲ ಸರ್."

ಆ ದನಿಯಲ್ಲಿ ತುಂಟತನವಿರಲಿಲ್ಲ. ಕೋಚ್ ಒದ್ದೆ ಹುಲ್ಲಿನ ಮೇಲೇ ಕುಳಿತುಬಿಟ್ಟ. ಹಿಂದೆ ಎಲ್ಲರನ್ನೂ ಸುತ್ತಿಸುತ್ತಿದ್ದ ಆ ಹುಡುಗ ಎಲ್ಲಿ ಹೋದ? ಯಾರು ಓಡಿಸಿದರು? ಬೈಯೋಣವೆಂದರೆ ತನ್ನನ್ನು ಬಿಟ್ಟು ಬೇರೆ ಯಾರೂ ಕಾಣಲಿಲ್ಲ.

ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಮನೆಗೆ ನೆಂಟರು ಬರುತ್ತಾರೆ. "ನಿನ್ನ ಹೆಸರೇನು ಪುಟ್ಟಿ?" ಅಮ್ಮ ಹೇಳುತ್ತಾರೆ. "ಯಾವ ಕ್ಲಾಸು?" ಅಪ್ಪ ಹೇಳುತ್ತಾರೆ. "ಪಾಯಸ ಇಷ್ಟಾನಾ?" ಅಂದರೆ ಅಜ್ಜಿ ಒಳಗಿನಿಂದ ಇಣುಕಿ, "ಅಯ್ಯೋ, ಪ್ರಾಣ ಬಿಡ್ತಾಳೆ!" ಮಗು ಮಾತ್ರ ಮೂವರ ಮುಖವನ್ನೂ ಸರದಿಯಂತೆ ನೋಡುತ್ತಿರುತ್ತದೆ. ಹೌದೋ ಅಲ್ಲವೋ?

ಇನ್ನು ಮೇಲೆ ಮಗುವನ್ನು ಕೇಳಿದ್ದಕ್ಕೆ ಮಗುವೇ ಉತ್ತರ ಹೇಳಲಿ. ತಡವರಿಸಲಿ, ತಪ್ಪಲಿ, "ಪಾಯಸ ಚೆನ್ನಾಗಿಲ್ಲ" ಎಂದು ನಿಮ್ಮ ಮಾನವನ್ನೇ ಕಳೆಯಲಿ! ನಿಮ್ಮ ದನಿ ಮುಟ್ಟದ ಕಡೆ ಅದು ಒಂದು ದಿನ ಒಂಟಿಯಾಗಿ ನಿಲ್ಲಲೇಬೇಕಲ್ಲ?

ಈಗ ಪ್ರಸಾದಕ್ಕೆ ಏಳುತ್ತೀರಿ. ಹೊರಗೆ ಚಪ್ಪಲಿಯ ರಾಶಿಯೇ ಇದೆ. ಮಕ್ಕಳು ತಮ್ಮ ಜೋಡನ್ನು ತಾವೇ ಹುಡುಕಿಕೊಳ್ಳಲಿ. ಎಡದ್ದು ಬಲಗಾಲಿಗೆ ಹೋದರೂ ಸರಿ, ನೀವು ಪಕ್ಕದಲ್ಲಿ ಸುಮ್ಮನೆ ನಿಂತಿರಿ.