ಇಲ್ಲದ ಮನೆಗೆ ಕೈ ಹಾಕಿದ್ದು

ಗಾಬ್ರೊವೊಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಶಾಲೆ ಮಕ್ಕಳು ಬಂದು ಕೂತರು, ರಲಿತ್ಸಾ ಮತ್ತು ಜಿವ್ಕೊ. ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ಜೋಡಿಯಾಗಿ ಸೋತು ಬಂದಿದ್ದರು.

“ಅರೇ ಅನ್ನೋ ಪಟ್ಟಿಯಲ್ಲಿ ಇದ್ದಿದ್ದು ಐದೇ ಮನೆ,” ಅಂದಳು ರಲಿತ್ಸಾ. “ಎಣಿಕೆ ಸೊನ್ನೆಯಿಂದ ಶುರು, ನಾಲ್ಕಕ್ಕೆ ಮುಗೀತು. ಮನೆ ನಂಬರ್ ಐದಕ್ಕಿಂತ ಕಡಿಮೆ ಇದ್ರೆ ಮಾತ್ರ ಒಳಗೆ ಬಿಡು ಅಂತ ಸರಿಯಾಗೇ ಬರೆದಿದ್ದೆ.”

“ಐದನ್ನೂ ಒಳಗೆ ಬಿಡು ಅಂತ ನಾನು ತಿದ್ದಿದೆ,” ಅಂದ ಜಿವ್ಕೊ. “ಕೊನೇ ಮನೆ ತಪ್ಪಿಹೋಗುತ್ತೆ ಅಂದ್ಕೊಂಡೆ. ಇಲ್ಲದ ಮನೆಗೆ ಕೈ ಹಾಕಿ ಪ್ರೋಗ್ರಾಂ ನಿಂತೇಹೋಯ್ತು.”

“ನೀನು ತಿದ್ದೋದನ್ನ ನಾನು ನೋಡಿದ್ದೆ ಕಣೋ.”

“ನೋಡಿಯೂ ಸುಮ್ಮನಿದ್ಯಾ?”

“ಬೆಳಿಗ್ಗೆ ಎಲ್ಲರೆದುರು ನಿನ್ನ ದಡ್ಡ ಅಂದಿದ್ದೆ. ನಿನ್ನ ಮುಖ ಸಣ್ಣಗಾಗಿತ್ತು. ಮತ್ತೆ ತಪ್ಪು ತೋರಿಸೋಕೆ ಮನಸ್ಸು ಬರಲಿಲ್ಲ.”

“ನಾನು ನಿನ್ನ ಕೇಳದೆ ತಿದ್ದಿದ್ದೂ ಅದಕ್ಕೇ. ಒಂದಾದ್ರೂ ನಾನೇ ಸರಿಮಾಡಿದೆ ಅನ್ನಿಸಬೇಕಿತ್ತು.”

“ದಡ್ಡ ಅನ್ನಬಾರದಿತ್ತು ನಾನು.”

“ಮುಂದಿನ ಸಲ ನಿನ್ನ ಕೇಳಿಯೇ ತಿದ್ತೀನಿ.”

“ಮುಂದಿನ ಸಲ ಎಲ್ಲಿಂದ ಬಂತೋ? ಈ ಬೇಸಿಗೆಗೆ ನನ್ನ ಶಾಲೆ ಮುಗೀತು.”

ಗಾಬ್ರೊವೊ ಬಂತು. ಅವಳ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡು ಜಿವ್ಕೊ ಇಳಿದ. ಅವಳು ಬೇಡ ಅನ್ನಲಿಲ್ಲ.