ಒಂದೇ ಹಳಿಗೆ ಎರಡು ಬಳೆ

ಹೆಸರು: ಮಲ್ಲಿಕಾರ್ಜುನ ತಂದೆ ಭೀಮಶಾ. ವಯಸ್ಸು: 44 ವರ್ಷ. ಉದ್ಯೋಗ: ಮೊದಲು ಹುಮನಾಬಾದ ಬಸ್ ನಿಲ್ದಾಣದ ಹೊರಗೆ ಜೀಪುಗಳಿಗೆ ಜನ ತುಂಬಿಸುವುದು, ನಾಲ್ಕು ವರ್ಷದಿಂದ ಶರಣಕುಮಾರ ಇವರ ಮನರಂಜನಾ ಪಾರ್ಕಿನಲ್ಲಿ ರೋಲರ್ ಕೋಸ್ಟರಿನ ಪ್ಲಾಟ್‌ಫಾರಂ ಮೇಲ್ವಿಚಾರಕ. ವಾಸ: ಹುಮನಾಬಾದ.

ದಿನಾಂಕ 21-5-2003ರ ಮುಂಜಾನೆ 10-30ಕ್ಕೆ, ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಬರೆಸುತ್ತಿರುವುದು ಈ ಕೆಳಗಿನಂತೆ ಇದೆ.

ಮೊದಲು ಒಟ್ಟು ಖರ್ಚು ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಇದುವರೆಗೆ ಹೋದದ್ದು ಒಂಬತ್ತು ವರ್ಷದ ಹುಡುಗಿಯ ಎಡಗಾಲಿನ ಪಾದ, ಒಬ್ಬ ಹೆಂಗಸಿನ ಹೆಗಲಿನ ಎಲುಬು, ಮತ್ತು ಒಬ್ಬ ಮನುಷ್ಯನ ಹದಿನಾರು ದಿನ, ಅದೂ ಬೀದರ ಜೈಲಿನಲ್ಲಿ. ಇಷ್ಟು ಕೊಟ್ಟು ನಾವು ಉಳಿಸಿದ್ದು ಎರಡು ಗಾಡಿಗಳ ನಡುವಿನ ಮೂರು ನಿಮಿಷ ಹತ್ತು ಸೆಕೆಂಡ್. ಜೈಲಿನಲ್ಲಿರುವ, ಗಾಡಿಯ ಬ್ರೇಕ್ ನೋಡುವ ಉತ್ತಮ ಎಂಬುವನು ತಪ್ಪು ಮಾಡಿಲ್ಲ. ಗಾಡಿ ಬಿಟ್ಟವನು ನಾನು. ಅವನೇ ಕಾರಣ ಎಂದು 5-5-2003ರಂದು ಇದೇ ಠಾಣೆಯಲ್ಲಿ ನಾನು ಬರೆಸಿದ ಹೇಳಿಕೆ ಸುಳ್ಳು.

ಪಾರ್ಕು ಹುಮನಾಬಾದದಿಂದ ಬಸವಕಲ್ಯಾಣದ ಕಡೆಗೆ ಹೆದ್ದಾರಿಯಲ್ಲಿ 9 ಕಿ.ಮೀ. ದೂರದಲ್ಲಿದೆ. ಕಮಾಂಡರ್ ಜೀಪಿನಲ್ಲಿ ಹುಲಸೂರಿಗೆ ಹೋಗುವ ಹದಿನೆಂಟು ಜನರನ್ನು ಜಗಳವಿಲ್ಲದೆ ಕೂಡಿಸುವುದನ್ನು ನೋಡಿಯೇ ಶರಣಕುಮಾರ ನನ್ನನ್ನು ಕರೆದುಕೊಂಡರು. ಅಲ್ಲಿ ರೋಲರ್ ಕೋಸ್ಟರಿನ ಹಳಿ ಒಂದೇ, ಗಾಡಿ ಎರಡು. ಒಂದು ಕೆಂಪು, ಒಂದು ಹಳದಿ, ತಲಾ ಹನ್ನೆರಡು ಆಸನ. ಪ್ಲಾಟ್‌ಫಾರಂ ಎರಡೂ ಗಾಡಿ ಒಂದರ ಹಿಂದೆ ಒಂದು ನಿಲ್ಲುವಷ್ಟು ಉದ್ದವಿದೆ. ಹೊರಟ ಗಾಡಿಯನ್ನು ಸರಪಳಿ 50 ಸೆಕೆಂಡಿನಲ್ಲಿ 38 ಅಡಿ ಮೇಲಕ್ಕೆ ಎಳೆಯುತ್ತದೆ. ಅಲ್ಲಿಂದ ಮುಂದೆ ಎಂಜಿನ್ ಇಲ್ಲ, ಗಾಡಿ ತನ್ನ ಭಾರದ ಮೇಲೆಯೇ ಇಳಿದು, ಎರಡು ದಿಬ್ಬ ದಾಟಿ, ಕೊನೆಯಲ್ಲಿ ಬ್ರೇಕಿನ ಜಾಗಕ್ಕೆ ಬರುತ್ತದೆ. ಬ್ರೇಕಿನ ಮೇಲೆ ಘಾಟಬೋರಾಳದ ಉತ್ತಮ ನಿಲ್ಲುತ್ತಿದ್ದನು. ಅಲ್ಲಿಂದ ಪ್ಲಾಟ್‌ಫಾರಂಗೆ ಬೇಲಿ ಸುತ್ತಿ 120 ಮೀಟರ್. ದಿಬ್ಬಗಳ ನಡುವಿನ ತಗ್ಗು ಅವನಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ.

ಹಳಿ ಜೋಡಿಸಿದ ಫಿಟ್ಟರ್ ಲಾಲ್ ಅಹ್ಮದ್ ಮೊದಲು ರೈಲ್ವೆಯಲ್ಲಿದ್ದವರು. ಒಂಟಿ ಹಳಿಯ ರೈಲಿನಲ್ಲಿ ಇರುವಂತೆ ಅವರು ಒಂದು ಕಬ್ಬಿಣದ ಬಳೆ ಮಾಡಿಸಿದ್ದರು. ನನ್ನ ಕೈಯಲ್ಲಿ ಬಳೆ ಇದ್ದರೆ ಮಾತ್ರ ನಾನು ಗಾಡಿ ಬಿಡಬೇಕು. ಬಿಡುವಾಗ ಅದನ್ನು ಗಾಡಿಯ ಮುಂದಿನ ಕೊಕ್ಕೆಗೆ ಹಾಕಬೇಕು. ಗಾಡಿ ಸುತ್ತಿ ಬಂದು ನಿಂತ ಮೇಲೆ ಉತ್ತಮ ಬಳೆ ಬಿಚ್ಚಿಕೊಂಡು ನಡೆದು ತಂದು ನನಗೆ ಕೊಡಬೇಕು. ಬಳೆ ಒಂದೇ ಆದ್ದರಿಂದ ಹಳಿಯ ಮೇಲೆ ಗಾಡಿಯೂ ಒಂದೇ. ಓದು ಬರಹ ಬಾರದವನಿಗೂ ತಪ್ಪಲು ಆಗದ ಲೆಕ್ಕ. ಅವರದೇ ಇನ್ನೊಂದು ನಿಯಮವೂ ಇತ್ತು. ಎಂಟು ಜನಕ್ಕಿಂತ ಕಡಿಮೆ ಇದ್ದರೆ ಖಾಲಿ ಆಸನಕ್ಕೆ ಮರಳಿನ ಚೀಲ ಕಟ್ಟಬೇಕು. ಹಗುರ ಗಾಡಿ ಎದುರುಗಾಳಿಗೆ ಎರಡನೆಯ ದಿಬ್ಬ ಹತ್ತದೆ ತಗ್ಗಿನಲ್ಲಿ ನಿಂತುಬಿಡುತ್ತದೆ ಎಂದು ಅವರು ಹೇಳುತ್ತಿದ್ದರು.

ಹನ್ನೆರಡು ಆಸನ ಎಂಬುದು ಕಾಗದದ ಮಾತು. ನಮ್ಮ ಕಡೆಯ ಮನೆತನದ ಹೆಣ್ಣುಮಕ್ಕಳು ಗುರುತಿಲ್ಲದವರ ಪಕ್ಕ ಕೂಡುವುದಿಲ್ಲ. ಅದು ಒಂದು ಮಾತು. ಕೆಲವರ ಪಕ್ಕ ಕೂಡುವುದಿಲ್ಲ ಎಂಬುದು ಅವರ ಜಾತಿಯ ಗುರುತಿದ್ದೇ ಹೇಳುವ ಮಾತು. ಎಲ್ಲೂ ಬರೆಯದೆ ಒಂದು ಪದ್ಧತಿ ಬೆಳೆದುಬಿಟ್ಟಿತು: ಕೆಂಪು ಗಾಡಿ ದೊಡ್ಡ ಮನೆಯವರಿಗೆ, ಹಳದಿ ಗಾಡಿ ಉಳಿದವರಿಗೆ. ಇದನ್ನು ಬೆಳೆಸಿದವನು ನಾನೇ. ಸಾಲಿನಲ್ಲಿ ನಿಂತವರ ಮುಖ ಮತ್ತು ಚಪ್ಪಲಿ ನೋಡಿ ಬೇರೆ ಮಾಡುತ್ತಿದ್ದೆ. ಜಗಳ ಆಗಲಿಲ್ಲ. ಕೆಂಪು ಗಾಡಿ ಅರ್ಧ ಖಾಲಿ ಓಡುತ್ತಿತ್ತು, ಹಳದಿಗೆ ಸಾಲು ಗೇಟಿನ ತನಕ ಇರುತ್ತಿತ್ತು.

ಏಪ್ರಿಲ್ 20ರಂದು ಶರಣಕುಮಾರ ಗಡಿಯಾರ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತರು. ಎರಡು ಗಾಡಿಗಳ ನಡುವೆ ನಾಲ್ಕು ನಿಮಿಷ ಹೋಗುತ್ತಿದ್ದವು, ಗಂಟೆಗೆ ಹದಿನೈದು ಸುತ್ತು. ಮರುದಿನ ಹುಮನಾಬಾದದ ವೆಲ್ಡಿಂಗ್ ಅಂಗಡಿಯಿಂದ ಇನ್ನೊಂದು ಬಳೆ ಬಂತು. ಇನ್ನು ಮುಂದೆ ಮೊದಲ ಗಾಡಿ ಮೇಲಿನ ತುದಿ ದಾಟಿದ ಕೂಡಲೇ ಎರಡನೆಯದನ್ನು ಬಿಡಬೇಕು, ಗಂಟೆಗೆ ಇಪ್ಪತ್ತು ಸುತ್ತು ಬೀಳಬೇಕು ಎಂದು ಅಪ್ಪಣೆಯಾಯಿತು. ಲಾಲ್ ಅಹ್ಮದ್ ಹೊಸ ಬಳೆಯನ್ನು ಕೈಯಲ್ಲಿ ಹಿಡಿದು ನೋಡಿ, "ಒಂದ ಇದ್ದಾಗ ಇದು ಕಾವಲ ಇತ್ರಿ ಸಾಹುಕಾರ. ಎರಡ ಆದ ಮ್ಯಾಲ ಬರೇ ಜೇವರ, ಒಡವಿ. ಮನ್ಯಾಗ ಇಟ್ಕೋರಿ" ಎಂದರು. ಶರಣಕುಮಾರ, "ಚಾಚಾ, ನಿಮ್ಮ ರೈಲ್ವೆ ಯಾವತ್ತರ ಟೈಮಿಗೆ ಬಂದದೇನು?" ಎಂದು ನಕ್ಕರು. ನಾನೂ ನಕ್ಕೆ. ಲಾಲ್ ಅಹ್ಮದ್ ಅಂದೇ ಸಂಜೆ ಪಾನಾ, ಸುತ್ತಿಗೆ ಕಟ್ಟಿಕೊಂಡು ಕೆಲಸ ಬಿಟ್ಟುಹೋದರು. ಉತ್ತಮ ಮಾತ್ರ ಎರಡು ಸಲ ನನ್ನ ಹತ್ತಿರ ಬಂದು, "ಅಣ್ಣಾ, ಒಂದು ಗಾಡಿ ನಿಂತ್ರ ಇನ್ನೊಂದಕ್ಕ ಹೇಳೋರು ಯಾರು?" ಎಂದು ಕೇಳಿದನು. ನೀನು ಬ್ರೇಕ್ ನೋಡು, ಪ್ಲಾಟ್‌ಫಾರಂ ನಾನು ನೋಡುತ್ತೇನೆ ಎಂದು ಹೇಳಿ ಕಳಿಸಿದೆ.

ದಿನಾಂಕ 4-5-2003, ರವಿವಾರ. ರಜೆಯ ಗದ್ದಲ, ಮಧ್ಯಾಹ್ನದಿಂದ ಜೋರು ಗಾಳಿ. ಉತ್ತಮನ ಹೆಂಡತಿ ಸುಗಂಧಾ ಮತ್ತು ಮಗಳು ಆಮ್ರಪಾಲಿ ಘಾಟಬೋರಾಳದ ಒಂಬತ್ತು ಹೆಂಗಸರ ಜೊತೆ ಬಂದಿದ್ದರು. ಕೆಲಸದವರ ಮನೆಯವರಿಗೆ ವರ್ಷಕ್ಕೆ ಒಂದು ಸುತ್ತು ಬಿಟ್ಟಿ. ಸಾಯಂಕಾಲ 5-05ಕ್ಕೆ ಅವರ ಪಾಳಿ ಬಂತು. ಮುಂದಿದ್ದುದು ಕೆಂಪು ಗಾಡಿ. ಆಮ್ರಪಾಲಿ, "ಕಾಕಾ, ಅದರಾಗ ಕೂಡ್ತೀನಿ, ಮುಂದಿಂದ್ರಾಗ" ಎಂದಳು. ಕೂಡಿಸಿದೆ. ಹನ್ನೊಂದು ಜನ ಕೂತರು. ನಾಲ್ಕು ವರ್ಷದಲ್ಲಿ ಕೆಂಪು ಗಾಡಿ ಅಷ್ಟು ತುಂಬಿದ್ದು ನಾನು ನೋಡಿರಲಿಲ್ಲ.

5-08ಕ್ಕೆ ಕೊಡಂಬಲದ ಜಮೀನುದಾರ ಮಹಾರುದ್ರಪ್ಪನವರು, ಅವರ ಪತ್ನಿ ಕಸ್ತೂರಿಬಾಯಿ ಮತ್ತು ಇಬ್ಬರು ಮಕ್ಕಳು ಬಂದರು. ನಮ್ಮ ಶರಣಕುಮಾರರೇ ಕರೆತಂದರು. ಮಹಾರುದ್ರಪ್ಪನವರು ಗಾಡಿಯ ಕಡೆ ನೋಡಿ, ಸಿಟ್ಟು ಮಾಡದೆ, ಮೆಲ್ಲಗೆ, "ಇವರ ಸಂಗಟ ನಮ್ಮ ಮಂದಿ ತೊಡಿಗೆ ತೊಡಿ ಹಚ್ಚಿ ಹ್ಯಾಂಗ ಕೂಡಬೇಕ್ರಿ? ನಾವು ಇನ್ನೊಮ್ಮೆ ಬರ್ತೀವಿ ಬಿಡ್ರಿ" ಎಂದರು. ಶರಣಕುಮಾರ ನನಗೆ ಕಣ್ಣು ಮಾಡಿದರು. ಹೆಂಗಸರಿಗೆ ಇಳಿಯಲು ಹೇಳಿದೆ. ಒಬ್ಬಳು, "ಯಾಕ್ರಿ, ಗಾಡಿ ನಮ್ಮ ಭಾರಕ್ಕ ಮುರೀತದೇನು?" ಎಂದಳು. ಸುಗಂಧಾ ಅವಳ ಕೈ ಹಿಡಿದು ಇಳಿಸಿ, "ನಡಿ, ಗಾಳಿ ಎರಡರಾಗೂ ಒಂದ ಅದ" ಎಂದಳು. ಎಲ್ಲರನ್ನೂ ಹಿಂದಿನ ಹಳದಿ ಗಾಡಿಯಲ್ಲಿ ಕೂಡಿಸಿದೆ. ಆಮ್ರಪಾಲಿ ಅಲ್ಲಿಯೂ ಮುಂದಿನ ಆಸನವನ್ನೇ ಹಿಡಿದಳು.

ಕೆಂಪು ಗಾಡಿಯಲ್ಲಿ ನಾಲ್ಕು ಜನ, ಎಂಟು ಆಸನ ಖಾಲಿ. ಚೀಲ ಕಟ್ಟಲು ಮೂರು ನಿಮಿಷ ಬೇಕು. ಕಟ್ಟಬೇಕೇ ಎಂದು ಶರಣಕುಮಾರರನ್ನು ಕೇಳಿದೆ, ಬೇಡ ಎಂದು ತಲೆ ಅಲ್ಲಾಡಿಸಿದರು. ಆಗ ನಾನು, "ಹೌದ್ರಿ, ಉಸುಕೇನು ಟಿಕೀಟ ತಗೊಂಡದೇನು?" ಎಂದೆ. ಎಲ್ಲರೂ ನಕ್ಕರು. ಆ ಮಾತು ನನ್ನದು, ಬೇರೆ ಯಾರ ಮೇಲೂ ಹಾಕುವುದಿಲ್ಲ.

5-12ಕ್ಕೆ ಹೊಸ ಬಳೆ ಹಾಕಿ ಕೆಂಪು ಗಾಡಿ ಬಿಟ್ಟೆ. 50 ಸೆಕೆಂಡಿಗೆ ಅದು ಮೇಲಿನ ತುದಿ ದಾಟಿತು. ಕೂಡಲೇ ಹಳೆಯ ಬಳೆ ಹಾಕಿ ಹಳದಿ ಗಾಡಿ ಬಿಟ್ಟೆ. ಹಳದಿ ಗಾಡಿ ಏರುತ್ತಿರುವಾಗಲೇ ಕೆಂಪು ಗಾಡಿ ಎರಡನೆಯ ದಿಬ್ಬ ಹತ್ತಲಾರದೆ ಹಿಂದಕ್ಕೆ ಜಾರಿ ತಗ್ಗಿನಲ್ಲಿ ನಿಂತಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ. ಉತ್ತಮನಿಗೆ ಕಂಡಿತ್ತು. ಅವನು ಸೀಟಿ ಊದಿದನಂತೆ. ಧ್ವನಿವರ್ಧಕದ ಹಾಡಿನಲ್ಲಿ ನನಗೆ ಕೇಳಿಸಲಿಲ್ಲ. ಅವನು ಬೇಲಿಯ ತಿರುವಿನಲ್ಲಿ ಓಡಿ ಬರುವುದು ನನಗೆ ಕಂಡಾಗ ಹಳದಿ ಗಾಡಿ ತುದಿ ಮುಟ್ಟಲು ಇನ್ನೂ ಹತ್ತು ಸೆಕೆಂಡ್ ಇದ್ದವು. ಅವನು ಎರಡೂ ಕೈ ಮೇಲೆತ್ತಿ ಬೀಸುತ್ತ ಮಗಳ ಹೆಸರು ಕೂಗುತ್ತಿದ್ದನು. ಮಗಳು ಮೊದಲ ಸಲ ಗಾಡಿ ಹತ್ತಿದ್ದಾಳೆ, ಖುಷಿಗೆ ಕೈ ಮಾಡುತ್ತಿದ್ದಾನೆ ಎಂದುಕೊಂಡು ನಾನೂ ಕೈ ಬೀಸಿದೆ. ಸರಪಳಿ ನಿಲ್ಲಿಸುವ ಗುಂಡಿ ನನ್ನ ಬಲಗೈಯಿಂದ ನಾಲ್ಕು ಅಡಿ ದೂರದಲ್ಲಿತ್ತು. ಬೀಸಿದ್ದು ಬಲಗೈಯನ್ನೇ.

ಆಮೇಲೆ ಸಪ್ಪಳ ಕೇಳಿಸಿತು.

ಹಳದಿ ಗಾಡಿಯ ಮೂತಿ ಕೆಂಪು ಗಾಡಿಯ ಹಿಂಭಾಗಕ್ಕೆ ಹೊಕ್ಕಿತ್ತು. ಆಮ್ರಪಾಲಿಯ ಎಡ ಪಾದ ನಡುವೆ ಸಿಕ್ಕಿತ್ತು. ಕಸ್ತೂರಿಬಾಯಿಯವರ ಹೆಗಲಿಗೆ ಪೆಟ್ಟಾಗಿತ್ತು. ಉತ್ತಮ ಮತ್ತು ನಾನು ಸೇರಿ ಕಬ್ಬಿಣದ ಸಬ್ಬಲಿನಿಂದ ತಗಡು ಎತ್ತಿ 5-40ಕ್ಕೆ ಹುಡುಗಿಯನ್ನು ಹೊರತೆಗೆದೆವು. ಮಹಾರುದ್ರಪ್ಪನವರ ಕಾರು ಕಸ್ತೂರಿಬಾಯಿಯವರನ್ನು ಕರೆದುಕೊಂಡು ಆಗಲೇ ಹೋಗಿತ್ತು. ಅದರಲ್ಲಿ ಇನ್ನೂ ಮೂರು ಜನ ಕೂಡುವ ಜಾಗ ಇತ್ತು. ಹುಡುಗಿಯನ್ನು ಪಾರ್ಕಿಗೆ ಮಂಜುಗಡ್ಡೆ ತರುವ ಟೆಂಪೋದಲ್ಲಿ ಒಯ್ದರು.

ಪೊಲೀಸರು ಬರುವ ಮೊದಲು, 5-50ಕ್ಕೆ, ಶರಣಕುಮಾರ ಕೆಂಪು ಗಾಡಿಯ ಕೊಕ್ಕೆಯಿಂದ ಹೊಸ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು ಹಿಂದಿನ ಬಾವಿಗೆ ಹಾಕಲು ಹೇಳಿದರು. ಇರುವುದು ಒಂದೇ ಬಳೆ, ಮಗಳು ಕಾಯುತ್ತಿದ್ದಾಳೆಂದು ಉತ್ತಮ ಅವಸರ ಮಾಡಿ, ಕೆಂಪು ಗಾಡಿ ಬರುವ ಮೊದಲೇ ತಗ್ಗಿಗೆ ಹೋಗಿ ಅದನ್ನು ಕೊಕ್ಕೆಯಿಂದ ಬಿಚ್ಚಿ ತಂದುಕೊಟ್ಟ ಎಂದು ಬರೆಸಬೇಕು ಎಂದರು. "ನೀ ಒಳಗ ಹೋದ್ರ ಪಾರ್ಕ ಯಾರು ನೋಡ್ತಾರ? ಅಂವ ಹೋದ್ರ ಪಗಾರ ಮನೀಗೆ ಮುಟ್ಟಸ್ತೀನಿ" ಎಂದರು. ನಾನು ಹಾಗೆಯೇ ಬರೆಸಿದೆ. ಬಳೆಯನ್ನು ಮಾತ್ರ ಬಾವಿಗೆ ಹಾಕಲಿಲ್ಲ. ಮನೆಯಲ್ಲಿ ಜೋಳದ ಡಬ್ಬಿಯಲ್ಲಿ ಇಟ್ಟಿದ್ದೆ. ಒಳ್ಳೆಯತನಕ್ಕೆ ಇಟ್ಟಿದ್ದಲ್ಲ, ಮುಂದೆ ಎಂದಾದರೂ ಶರಣಕುಮಾರರ ಮುಂದೆ ಇಡಲು ಬೇಕಾದೀತು ಎಂದು ಇಟ್ಟಿದ್ದು. ಅದನ್ನು ಈಗ ತಮ್ಮ ಮುಂದೆ ಹಾಜರುಪಡಿಸಿದ್ದೇನೆ. ಬೆಸುಗೆಯ ಗುರುತು ಇನ್ನೂ ಹೊಳೆಯುತ್ತಿದೆ, ಮಾಡಿದವನೂ ಗುರುತಿಸುತ್ತಾನೆ.

ನಿನ್ನೆ 20-5-2003ರಂದು ಮಧ್ಯಾಹ್ನ 2 ಗಂಟೆಗೆ ಗುಲಬರ್ಗಾದ ಆಸ್ಪತ್ರೆಗೆ ಹೋಗಿದ್ದೆ. ಸುಗಂಧಾ ಏನಾದರೂ ಬೈಯಬಹುದು ಎಂದು ತಯಾರಾಗಿ ಹೋಗಿದ್ದೆ, ಉತ್ತರವೂ ತಯಾರಿತ್ತು. ಅವಳು ಬೈಯಲಿಲ್ಲ. ಹುಡುಗಿ ಮಲಗಿದ ಮೇಲೆ ವರಾಂಡಕ್ಕೆ ಬಂದು ಹೇಳಿದಳು:

"ಅಣ್ಣಾ, ಇಕಿ ಅಪ್ಪ ಕೈ ಮಾಡಿದ್ದು ಇಕಿನೂ ನೋಡ್ಯಾಳ. ಅಪ್ಪಗ ಕಾಣಲಿ ಅಂತ ಎದ್ದು, ಮುಂದಿನ ತಗಡಿನ ಮ್ಯಾಲ ಕಾಲಿಟ್ಟು, ತಾನೂ ಕೈ ಮಾಡಿದ್ಲು. ಈಗ ದಿನಾ ಕೇಳಾಕತ್ತಾಳ, ಅವ್ವಾ, ಅಪ್ಪ ಟಾಟಾ ಮಾಡ್ದನೋ, ಇಳಿ ಅಂದನೋ ಅಂತ. ಟಾಟಾ ಅಂದ್ರ, ಕಂಡೂ ತಡೀಲಿಲ್ಲ ಅಂತ ಅವರಪ್ಪ ಅಪರಾಧಿ ಆಗ್ತಾನ. ಇಳಿ ಅಂದ ಅಂದ್ರ, ನಾ ಯಾಕ ಕೇಳಲಿಲ್ಲ ಅಂತ ತನ್ನ ಮ್ಯಾಲೇ ಹಾಕ್ಕೋತಾಳ. ನೀವೂ ಕೈ ಮಾಡಿದ್ರಲ್ಲ, ನೀವು ಏನಂತ ಮಾಡಿದ್ರಿ, ಹೇಳ್ರಿ."

ನಾನು ವರಾಂಡದಿಂದ ನೇರ ಬಸ್ ನಿಲ್ದಾಣಕ್ಕೆ ನಡೆದೆ. 5-30ರ ಬಸ್ಸಿಗೆ ಹುಮನಾಬಾದಕ್ಕೆ ಬಂದೆ.

ಆದ್ದರಿಂದ ಉತ್ತಮನನ್ನು ಬಿಡುಗಡೆ ಮಾಡಲು, ನನ್ನ ಮೇಲೆ ಮತ್ತು ಶರಣಕುಮಾರರ ಮೇಲೆ ಕ್ರಮ ಜರುಗಿಸಲು ಕೋರುತ್ತೇನೆ. ಯಾರಿಗೆ ಏನು ಸಿಕ್ಕಿತು ಎಂಬುದನ್ನೂ ಬರೆದುಕೊಳ್ಳಬೇಕು. ಶರಣಕುಮಾರರಿಗೆ ಎರಡು ವಾರ ಗಂಟೆಗೆ ಐದು ಸುತ್ತು ಹೆಚ್ಚು ಸಿಕ್ಕವು. ಮಹಾರುದ್ರಪ್ಪನವರಿಗೆ ಬೇರೆ ಯಾರೂ ಇಲ್ಲದ ಇಡೀ ಗಾಡಿ ಸಿಕ್ಕಿತು, ಒಂದು ನಿಮಿಷದ ಮಟ್ಟಿಗೆ. ನನಗೆ ಮೇ 6ರಿಂದ ಮ್ಯಾನೇಜರ್ ಎಂಬ ಹೆಸರು ಮತ್ತು ಆಫೀಸಿನ ಬೀಗದ ಕೈ ಸಿಕ್ಕಿತು. ಉತ್ತಮನಿಗೆ ಜೈಲು. ಆಮ್ರಪಾಲಿಗೆ ಟಿಕೆಟ್ ಇಲ್ಲದ ಒಂದು ಸುತ್ತು, ಅದೂ ಪೂರ್ತಿಯಲ್ಲ.

ಇದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಬಿಟ್ಟಿದ್ದು ಇಲ್ಲ, ಸೇರಿಸಿದ್ದು ಇಲ್ಲ. 5-5-2003ರ ಹೇಳಿಕೆ ಸುಳ್ಳು, ಇದು ಖರೆ. ಎರಡರ ಕೆಳಗಿನ ಸಹಿಯೂ ನನ್ನದೇ.

ಸ್ಥಳ: ಹುಮನಾಬಾದ
ದಿನಾಂಕ: 21-5-2003
ಸಹಿ: ಮಲ್ಲಿಕಾರ್ಜುನ ತಂದೆ ಭೀಮಶಾ