ಸೇತುವೆಯ ಕಂಬಿಗೆ ಒರಗಿದ ತಮ್ಮನ ಮರಣದ ಕುರಿತು

ಸತ್ಯವೇ ಸ್ವರೂಪವಾಗಿ ಉಳ್ಳ ಪರಮಾತ್ಮನಿಗೆ ನಮಸ್ಕರಿಸಿ, ನನ್ನ ತಮ್ಮನ ಅಂತ್ಯಕ್ರಿಯೆಯ ಮರುದಿನವಾದ ನವೆಂಬರ್ ಮಾಸದ ಹನ್ನೊಂದನೆಯ ತಾರೀಖು, ಮಂಗಳವಾರ ಪ್ರಾತಃಕಾಲದಲ್ಲಿ, ಠಾಣಾಧಿಕಾರಿಗಳ ಸಮಕ್ಷಮ ಕೊಟ್ಟ ಹೇಳಿಕೆ.

ನಾನು ಎಪ್ಪತ್ತಾರು ವರ್ಷ ವಯಸ್ಸಿನ ನಿವೃತ್ತ ಉಪಾಧ್ಯಾಯ. ಹಳೆಯ ಸೇತುವೆಯ ಪೂರ್ವಕ್ಕಿರುವ ಮೊದಲನೆಯ ಬೀದಿಯಲ್ಲಿ, ದರ್ಜಿಯಾದ ತಮ್ಮನ ಅಂಗಡಿಯ ಮಹಡಿಯಲ್ಲಿ ವಾಸ. ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಸೇತುವೆಯ ನಡುಭಾಗದ ಕಬ್ಬಿಣದ ಕಂಬಿಯು ಕಳೆದ ಮಳೆಗಾಲದಲ್ಲಿ ಲಾರಿ ತಗುಲಿ ಮುರಿದುಬಿದ್ದಿತ್ತು. ನಗರಸಭೆಗೆ ನಾನೇ ಅರ್ಜಿ ಕೊಟ್ಟಿದ್ದೆನು. ಕಳೆದ ಶುಕ್ರವಾರ ಅಲ್ಲಿ ಕಪ್ಪು ಬಿಳುಪು ಪಟ್ಟೆಗಳ ಹೊಸ ಕಂಬಿಯನ್ನು ಕಂಡು, ದೇವರು ಕಣ್ಣು ಬಿಟ್ಟನೆಂದು ಸಂತೋಷಪಟ್ಟೆನು. ಶನಿವಾರ ಮೇಲಧಿಕಾರಿಗಳು ತಪಾಸಣೆಗೆ ಬಂದುಹೋದರು, ಕಾರಿನಿಂದ ಇಳಿಯಲಿಲ್ಲ.

ಭಾನುವಾರ ಸಂಜೆ ಸುಮಾರು ಐದೂವರೆ ಗಂಟೆಗೆ ನಾವಿಬ್ಬರೂ ಎಂದಿನಂತೆ ಸೇತುವೆಯ ಮೇಲೆ ನಡೆಯುತ್ತಿದ್ದೆವು. ನಾನು ಸ್ತೋತ್ರ ಹೇಳಿಕೊಳ್ಳುತ್ತಿದ್ದೆನು. ತಮ್ಮನು, "ಅಣ್ಣಾ, ನಿನ್ನ ಸ್ತೋತ್ರ ಮುಗಿಯೋದ್ರೊಳಗೆ ನನ್ನ ಮೊಣಕಾಲು ಮುಗಿಯುತ್ತೆ, ಸ್ವಲ್ಪ ಒರಗ್ಕೋತೀನಿ" ಎಂದನು. "ಹೊಸ ಕಂಬಿ, ಒರಗಪ್ಪ" ಎಂದು ನಾನೇ ಹೇಳಿದೆನು. ಒರಗಿದನು. ಕಂಬಿ ಲಟ್ಟನೆ ಮುರಿಯಿತು. ನನ್ನ ಕೈಗೆ ಅವನ ಹೆಗಲ ಮೇಲಿದ್ದ ಅಳತೆ ಟೇಪು ಮಾತ್ರ ಸಿಕ್ಕಿತು. ಕೆಳಗೆ ನೀರಿರಲಿಲ್ಲ, ಬಂಡೆಯಿತ್ತು.

ಮುರಿದ ತುಂಡನ್ನು ನೋಡಲಾಗಿ ಅದು ಕಬ್ಬಿಣವಲ್ಲ. ಗೆದ್ದಲು ತಿಂದ ಮರದ ಗಳಕ್ಕೆ ಎರಡೂ ತುದಿಯಲ್ಲಿ ತಂತಿ ಬಿಗಿದು ಬಣ್ಣ ಬಳಿಯಲಾಗಿತ್ತು. ಅದನ್ನು ಬಳಿದ ಪೇಂಟರನು ಜನರ ಸಂಗಡ ಓಡಿಬಂದು ಅಳುತ್ತಾ, "ಸಾಹೇಬ್ರು ಬರ್ತಾರೆ, ಕಾರಿಂದ ನೋಡಿದ್ರೆ ಕಂಬಿ ಥರ ಕಾಣಬೇಕು ಅಂತ ಇಂಜಿನಿಯರ್ ಹೇಳಿದ್ರು ಯಜಮಾನ್ರೇ, ಕಾಣೋ ಹಾಗೆ ಮಾಡ್ದೆ" ಎಂದನು.

ಆಸ್ಪತ್ರೆಯ ಶವಾಗಾರದ ಎದುರು ನಗರಸಭೆಯ ಇಂಜಿನಿಯರರು, ಸೇತುವೆಯು ಲೋಕೋಪಯೋಗಿ ಇಲಾಖೆಯದೆಂದೂ ತಮ್ಮದು ಬಣ್ಣ ಮಾತ್ರವೆಂದೂ ತಿಳಿಸಿದರು. ಇಲಾಖೆಯವರು, ಕಮಾನು ಕಂಬಗಳಷ್ಟೇ ತಮ್ಮವು, ಕಂಬಿ ನಗರಸಭೆಯದು ಎಂದರು. ಶವದ ವಿಷಯದಲ್ಲಿ ವಾದವಿರಲಿಲ್ಲ; ಅದು ನಮ್ಮದೇ ಆಗಿತ್ತು.

ಅನಂತರ ಇಂಜಿನಿಯರರು ನನ್ನನ್ನು ಬದಿಗೆ ಕರೆದು, "ತಾತಾ, ತಲೆಸುತ್ತು ಬಂದು ಬಿದ್ರು ಅಂತ ಬರೆಸಿಬಿಡಿ, ಎಲ್ಲರಿಗೂ ಒಳ್ಳೇದು. ಹೋದವರು ವಾಪಸ್ ಬರ್ತಾರಾ?" ಎಂದರು. ತಮ್ಮನ ಮಡದಿ ಅದನ್ನು ಕೇಳಿಸಿಕೊಂಡು, "ನಮ್ಮನೆಯವರಿಗೆ ತಲೆಸುತ್ತು ಇರ್ಲಿಲ್ಲ ಸ್ವಾಮಿ, ನಿಮ್ಮ ಮೇಲೆ ನಂಬಿಕೆ ಇತ್ತು. ಅದನ್ನೇ ರೋಗ ಅಂತ ಬರ್ಕೊಳ್ಳಿ" ಎಂದಳು.

ಆದುದರಿಂದ, ಮರಣದ ಕಾರಣವಾಗಿ ತಲೆಸುತ್ತು ಎಂಬ ಪದವನ್ನು ಈ ಹೇಳಿಕೆಯ ಯಾವ ಪ್ರತಿಯಲ್ಲಿಯೂ ಸೇರಿಸಕೂಡದೆಂಬ ಷರತ್ತಿನ ಮೇಲೆ ಮಾತ್ರ ರುಜು ಮಾಡುತ್ತಿದ್ದೇನೆ. ಮೇಲ್ಕಂಡದ್ದೆಲ್ಲವೂ ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ನಿಜ. ಓದಿಸಿ ಕೇಳಿದ್ದೇನೆ, ಸರಿಯಿದೆ.

ಸ್ಥಳ: ಪೊಲೀಸ್ ಠಾಣೆ. ತಾರೀಖು: ಮೇಲಿನಂತೆ. (ರುಜು) ಮೃತನ ಅಣ್ಣ.

ಪೇಂಟರನಿಗೂ, ಇಂಜಿನಿಯರರಿಗೂ, ಕಾರಿನಿಂದ ಇಳಿಯದ ಅಧಿಕಾರಿಗಳಿಗೂ, ಇದನ್ನು ಬರೆದುಕೊಂಡ ತಮಗೂ ಭಗವಂತನು ದೀರ್ಘಾಯುಸ್ಸು ಕೊಡಲಿ. ಮುಪ್ಪಿನ ಸಂಜೆಗಳಲ್ಲಿ ಜೊತೆಗೆ ನಡೆಯಲು ಪ್ರತಿಯೊಬ್ಬರಿಗೂ ಒಬ್ಬ ತಮ್ಮನು ಉಳಿದಿರಲಿ.